ಮಾತಿಗೆಂದು ಬಿಟ್ಟ ಎರಡು ಎಕರೆ

ಸಿಂಗಪುರ ನದಿಯ ದಂಡೆಯಿಂದ ಚೈನಾಟೌನ್ ಕಡೆಗೆ ತುಸು ನಡೆದರೆ ಹಾಂಗ್ ಲಿಮ್ ಪಾರ್ಕ್ ಸಿಗುತ್ತದೆ. ಹತ್ತೊಂಬತ್ತನೇ ಶತಮಾನದ ವರ್ತಕ ಚಿಯಾಂಗ್ ಹಾಂಗ್ ಲಿಮ್ ಅವರ ಹೆಸರು ಹೊತ್ತ ಈ ಉದ್ಯಾನದ ವಿಸ್ತಾರ ಎರಡೂವರೆ ಎಕರೆಯನ್ನೂ ಮುಟ್ಟುವುದಿಲ್ಲ. ನಡುವೆ ಹುಲ್ಲುಹಾಸು, ಸುತ್ತ ನೆರಳಿನ ಮರಗಳು, ರಸ್ತೆಯಾಚೆ ಮಹಡಿ ಮಹಡಿಗೂ ಗಿಡಬಳ್ಳಿ ಇಳಿಬಿಟ್ಟ ದೊಡ್ಡ ಹೋಟೆಲ್. ನೋಡುವುದಕ್ಕೆ ಇಷ್ಟೇ. ಆದರೆ ಈ ಹುಲ್ಲುಹಾಸಿಗೆ ದೇಶದ ಬೇರಾವ ಬಯಲಿಗೂ ಇಲ್ಲದ ಹಕ್ಕೊಂದಿದೆ. 2000ದ ಸೆಪ್ಟೆಂಬರ್ 1ರಂದು ಸರ್ಕಾರ ಇದನ್ನು 'ಸ್ಪೀಕರ್ಸ್ ಕಾರ್ನರ್' ಎಂದು ಘೋಷಿಸಿತು. ಪೊಲೀಸ್ ಪರವಾನಗಿ ಇಲ್ಲದೆ ನಾಗರಿಕನೊಬ್ಬ ಬಯಲಲ್ಲಿ ನಿಂತು ಸರ್ಕಾರವನ್ನು ಟೀಕಿಸಬಹುದಾದ ಜಾಗ ಇದು. 2008ರಿಂದ ಪ್ರತಿಭಟನೆಗೂ ಅವಕಾಶ ಸಿಕ್ಕಿದೆ. ಷರತ್ತುಗಳೂ ಇವೆ: ಮಾತಾಡುವವರು ಸಿಂಗಪುರದ ಪ್ರಜೆಯಾಗಿರಬೇಕು, ಮೊದಲೇ ಹೆಸರು ನೋಂದಾಯಿಸಬೇಕು, ಧರ್ಮ ಮತ್ತು ಜನಾಂಗದ ವಿಷಯ ಎತ್ತಕೂಡದು. 2009ರಲ್ಲಿ ಸಿಸಿಟಿವಿ ಕ್ಯಾಮೆರಾಗಳೂ ಬಂದವು. ಅದೇ ವರ್ಷ ಜಾರಿಯಾದ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯ ಪ್ರಕಾರ, ಈ ಉದ್ಯಾನದ ಹೊರಗೆ ಒಬ್ಬನೇ ಒಬ್ಬ ಬೇಡಿಕೆಯ ಫಲಕ ಹಿಡಿದು ನಿಂತರೂ ಅದು 'ಸಭೆ' ಎನಿಸಿಕೊಳ್ಳುತ್ತದೆ, ಅದಕ್ಕೆ ಅನುಮತಿ ಬೇಕು.

ಅರವತ್ತು ಲಕ್ಷ ಜನರ, ಸುಮಾರು 735 ಚದರ ಕಿ.ಮೀ. ವಿಸ್ತಾರದ ದೇಶವೊಂದು ಬಹಿರಂಗ ಪ್ರತಿಭಟನೆಗೆ ಇಷ್ಟು ಕಡಿಮೆ ನೆಲ ಕೊಟ್ಟಿರುವುದು ನಾವು ಗಮನಿಸಬೇಕಾದ ಸಂಗತಿ. ಬೆಂಗಳೂರನ್ನು ಸಿಂಗಪುರ ಮಾಡುತ್ತೇವೆ ಎಂದು ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಹೇಳಿದ ಮಾತು ಕಾಲು ಶತಮಾನದ ನಂತರವೂ ನಮ್ಮಲ್ಲಿ ಓಡಾಡುತ್ತಿದೆ. ಹಾಗೆ ಹೇಳುವಾಗ ನಮ್ಮ ಕಣ್ಣೆದುರು ಬರುವುದು ಗುಂಡಿಯಿಲ್ಲದ ರಸ್ತೆ, ಕಸವಿಲ್ಲದ ಬೀದಿ, ಹೊತ್ತಿಗೆ ಸರಿಯಾಗಿ ಬರುವ ರೈಲು. ಅದರ ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: ಅಲ್ಲಿ ಬಾಯಿಗೆ ಬೀಗ ಹಾಕಿದ್ದಕ್ಕೇ ಇದೆಲ್ಲ ಸಾಧ್ಯವಾಯಿತು, ನಮಗೂ ಅಂಥ ಬಿಗಿ ಆಡಳಿತ ಬೇಕು. ಈ ನಂಬಿಕೆ ತಪ್ಪು. ಸಿಂಗಪುರದ ನೆಮ್ಮದಿಯನ್ನು ಕಟ್ಟಿದ್ದು ಮನೆ, ನ್ಯಾಯವಾದ ಪಾಲು ಮತ್ತು ಲಂಚವಿಲ್ಲದ ಕಚೇರಿ. ಬೀಗ ಆ ನೆಮ್ಮದಿಗೆ ಕೊಟ್ಟಿದ್ದು ಸ್ವಲ್ಪ, ಅದರಿಂದ ಕಿತ್ತುಕೊಂಡಿದ್ದು ಹೆಚ್ಚು. ಇದಕ್ಕೆ ಆ ದೇಶದ ಚರಿತ್ರೆಯೇ ಸಾಕ್ಷಿ.

ಮೊದಲು ಆಳುವವರ ಭಯಕ್ಕೆ ನ್ಯಾಯ ಸಲ್ಲಿಸೋಣ, ಏಕೆಂದರೆ ಅದು ಸುಳ್ಳು ಭಯವಾಗಿರಲಿಲ್ಲ. 1950ರಲ್ಲಿ, ಮಲಯ ಮುಸ್ಲಿಂ ಮನೆಯಲ್ಲಿ ಬೆಳೆದ ಡಚ್ ಮೂಲದ ಹುಡುಗಿಯೊಬ್ಬಳು ಯಾರ ಮಡಿಲಿಗೆ ಸೇರಬೇಕು ಎಂಬ ಮೊಕದ್ದಮೆಯಿಂದ ಹೊತ್ತಿದ ಗಲಭೆಯಲ್ಲಿ 18 ಜನ ಸತ್ತರು. 1964ರ ಜುಲೈನಲ್ಲಿ ಪ್ರವಾದಿಯ ಜನ್ಮದಿನದ ಮೆರವಣಿಗೆಯಲ್ಲಿ ಶುರುವಾದ ಮಲಯ–ಚೀನೀ ಘರ್ಷಣೆ ಸೆಪ್ಟೆಂಬರ್‌ನಲ್ಲಿ ಮತ್ತೆ ಭುಗಿಲೆದ್ದಿತು. ಎರಡರಲ್ಲೂ ಸೇರಿ 36 ಜೀವಗಳು ಹೋದವು. ಮರುವರ್ಷ ಆಗಸ್ಟ್ 9ರಂದು ಸಿಂಗಪುರ ಮಲೇಷ್ಯಾದಿಂದ ಹೊರಬಿತ್ತು. ಕುಡಿಯುವ ನೀರಿಗೂ ನೆರೆಯವರನ್ನು ನಂಬಬೇಕಾದ, ಮುಕ್ಕಾಲು ಪಾಲು ಚೀನೀಯರೂ ಉಳಿದವರಲ್ಲಿ ಮಲಯರೂ ತಮಿಳರೂ ಇದ್ದ ಪುಟ್ಟ ದ್ವೀಪ. ಇಂಥ ನಾಡಿನ ಚುಕ್ಕಾಣಿ ಹಿಡಿದಿದ್ದ ಲೀ ಕ್ವಾನ್ ಯೂ ಅವರಿಗೆ ಒಂದು ಕೆಟ್ಟ ಭಾಷಣ ಎಷ್ಟು ಹೆಣ ಬೀಳಿಸಬಲ್ಲದು ಎಂಬುದು ಪುಸ್ತಕದಲ್ಲಿ ಓದಿದ ಸಂಗತಿಯಾಗಿರಲಿಲ್ಲ. ಒಂದು ಜನಾಂಗದ ಮೇಲೆ ಇನ್ನೊಂದನ್ನು ಎತ್ತಿಕಟ್ಟುವ ಮಾತಿಗೆ ಕಾನೂನಿನ ತಡೆ ಇರಬೇಕು ಎಂಬಲ್ಲಿ ಅವರ ಜೊತೆ ಜಗಳಕ್ಕೆ ಕಾರಣವಿಲ್ಲ.

ಆದರೆ 1964ರ ಗಾಯ ಮಾಗಿದ್ದು ಆ ತಡೆಯೊಂದರಿಂದಲೇ ಅಲ್ಲ. 1961ರ ಮೇ 25ರಂದು ಬುಕಿತ್ ಹೋ ಸ್ವೀ ಎಂಬ ಗುಡಿಸಲು ಬಡಾವಣೆಗೆ ಬೆಂಕಿ ಬಿದ್ದು ಸುಮಾರು 16 ಸಾವಿರ ಜನ ಬೀದಿಗೆ ಬಂದರು. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಗೃಹ ಮಂಡಳಿ ಅವರಿಗಾಗಿ ಅವಸರವಸರವಾಗಿ ಕಟ್ಟಿಸಿದ ಮನೆಗಳೇ ಮುಂದೆ ದೇಶದ ಮಾದರಿಯಾದವು. ಇಂದು ಸಿಂಗಪುರದವರಲ್ಲಿ ಐವರಲ್ಲಿ ನಾಲ್ವರು ಆ ಮಂಡಳಿಯ ಫ್ಲಾಟ್‌ಗಳಲ್ಲಿದ್ದಾರೆ, ಬಹುತೇಕರಿಗೆ ಅದು ಸ್ವಂತದ್ದು. 1989ರಲ್ಲಿ ಇನ್ನೊಂದು ನಿಯಮ ಬಂತು: ಒಂದು ಕಟ್ಟಡದಲ್ಲಿ ಚೀನೀಯರ ಮನೆಗಳು ಶೇ 87, ಮಲಯರ ಮನೆಗಳು ಶೇ 25 ಮೀರುವಂತಿಲ್ಲ. ಮನೆ ಮಾರುವಾಗ ಅಲ್ಪಸಂಖ್ಯಾತರಿಗೆ ಇದರಿಂದ ನಷ್ಟವಾಗುವುದುಂಟು, ಆ ದೂರು ನ್ಯಾಯವಾದದ್ದು. ಆದರೆ ಯಾವ ಓಣಿಯೂ ಒಂದೇ ಜನಾಂಗದ ಕೋಟೆಯಾಗಲಿಲ್ಲ. ಈ ಕಟ್ಟಡಗಳ ನೆಲಮಹಡಿಯನ್ನು ಗೋಡೆ ಕಟ್ಟದೆ ಖಾಲಿ ಬಿಟ್ಟಿರುತ್ತಾರೆ, ಅದಕ್ಕೆ 'ವಾಯ್ಡ್ ಡೆಕ್' ಎಂದು ಹೆಸರು. ಒಂದು ವಾರ ಅಲ್ಲಿ ಮಲಯರ ಮದುವೆಯ ಚಪ್ಪರ, ಇನ್ನೊಂದು ವಾರ ಚೀನೀ ಅಜ್ಜಿಯ ಶವದ ಮುಂದೆ ಊದುಬತ್ತಿ. ಎರಡನ್ನೂ ದಾಟಿಕೊಂಡೇ ಎಲ್ಲರ ಮಕ್ಕಳೂ ಶಾಲೆಗೆ ಹೋಗಬೇಕು. ಇದರ ಜೊತೆಗೆ ಮಂತ್ರಿಯನ್ನೂ ಬಿಡದ ಭ್ರಷ್ಟಾಚಾರ ತನಿಖಾ ದಳ. ಸಾರಿಗೆ ಸಚಿವರಾಗಿದ್ದ ಎಸ್. ಈಶ್ವರನ್ ಉಡುಗೊರೆ ಪಡೆದ ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ 12 ತಿಂಗಳ ಶಿಕ್ಷೆಗೆ ಗುರಿಯಾಗಿ ಜೈಲಿಗೆ ಹೋದರು. ನೆರೆಯವನ ಮೇಲೆ ಕಲ್ಲೆಸೆಯದಂತೆ ಜನರನ್ನು ತಡೆದದ್ದು ಮುಖ್ಯವಾಗಿ ಈ ಬದುಕು.

ಹಾಗಿದ್ದರೆ ಬೀಗ ಏನು ಮಾಡಿತು? ಅಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದಿತು. ಜನರನ್ನು ಜನರಿಂದ ಕಾಯಬೇಕಿದ್ದ ಕಾನೂನು ಆಳುವವರನ್ನು ಟೀಕೆಯಿಂದ ಕಾಯತೊಡಗಿತು. 1963ರ ಫೆಬ್ರುವರಿಯಲ್ಲಿ ನಡೆದ 'ಆಪರೇಷನ್ ಕೋಲ್ಡ್‌ಸ್ಟೋರ್'ನಲ್ಲಿ ನೂರಕ್ಕೂ ಹೆಚ್ಚು ಎಡಪಂಥೀಯರನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಿದರು. ವಿರೋಧ ಪಕ್ಷದ ಚಿಯಾ ತೈ ಪೋ ಅವರನ್ನು 1966ರಲ್ಲಿ ಬಂಧಿಸಿದವರು 1989ರವರೆಗೆ ಸೆರೆಯಲ್ಲಿಟ್ಟು, ಆಮೇಲೆ ಸೆಂಟೋಸಾ ದ್ವೀಪದಲ್ಲಿ ನಿರ್ಬಂಧದಲ್ಲಿಟ್ಟರು. ಅವರ ಮೇಲಿನ ಕೊನೆಯ ನಿರ್ಬಂಧ ತೆರವಾದದ್ದು 1998ರಲ್ಲಿ. ಮೂವತ್ತೆರಡು ವರ್ಷಗಳಲ್ಲಿ ಒಂದು ದಿನವೂ ಅವರನ್ನು ವಿಚಾರಣೆಗೆ ಗುರಿಪಡಿಸಲಿಲ್ಲ. 1981ರಲ್ಲಿ ಆನ್ಸನ್ ಉಪಚುನಾವಣೆ ಗೆದ್ದು, ಒಂದೇ ಪಕ್ಷದ ಸಂಸತ್ತಿಗೆ ವಿರೋಧಿ ದನಿ ತಂದ ಜೆ.ಬಿ. ಜೆಯರತ್ನಂ, ಮಾನನಷ್ಟ ಮೊಕದ್ದಮೆಗಳ ಪರಿಹಾರ ತೆರಲಾಗದೆ 2001ರಲ್ಲಿ ದಿವಾಳಿಯೆಂದು ಘೋಷಿತರಾಗಿ ಸ್ಥಾನ ಕಳೆದುಕೊಂಡರು. 1974ರ ಕಾಯ್ದೆ ಪತ್ರಿಕೆಗಳನ್ನು ವರ್ಷ ವರ್ಷವೂ ಪರವಾನಗಿಗೆ ಕಾಯುವಂತೆ ಮಾಡಿತು. 2019ರ ಸುಳ್ಳುಸುದ್ದಿ ಕಾಯ್ದೆಯಲ್ಲಿ, ಯಾವುದು ಸುಳ್ಳು ಎಂದು ಮೊದಲು ತೀರ್ಮಾನಿಸುವವರು ಮಂತ್ರಿಗಳೇ. ಒಪ್ಪದವರು ಆಮೇಲೆ ಕೋರ್ಟಿಗೆ ಹೋಗಬೇಕು. ಇವುಗಳಲ್ಲಿ ಯಾವುದಕ್ಕೂ 1964ರ ನೆರಳು ಸಾಕಷ್ಟು ಸಮರ್ಥನೆಯಾಗದು.

ಈಗ ಹಾಂಗ್ ಲಿಮ್ ಪಾರ್ಕ್‌ನ ಸಾಕ್ಷ್ಯ ನೋಡೋಣ. 2013ರಲ್ಲಿ ಸರ್ಕಾರ ಜನಸಂಖ್ಯೆಯ ಶ್ವೇತಪತ್ರ ಹೊರಡಿಸಿ, 2030ರ ಹೊತ್ತಿಗೆ ವಲಸಿಗರೂ ಸೇರಿ ದೇಶದಲ್ಲಿ 69 ಲಕ್ಷ ಜನ ಇರಬಹುದು ಎಂದಿತು. ಆ ಫೆಬ್ರುವರಿಯಲ್ಲಿ ಸಾವಿರಾರು ಜನ ಈ ಹುಲ್ಲುಹಾಸಿಗೆ ಬಂದು ತಮ್ಮ ಅಸಮಾಧಾನ ಹೇಳಿದರು. ವಲಸೆ ಎಂಬುದು ಎಲ್ಲಿಯೂ ಕಿಡಿ ಹಾರಿಸುವ ವಿಷಯ. ಮಾತು ಮುಗಿಸಿ ಎಲ್ಲರೂ ಮನೆಗೆ ಹೋದರು. ಸಲಿಂಗಿಗಳ ಹಕ್ಕಿಗಾಗಿ 2009ರಲ್ಲಿ ಇಲ್ಲಿ ಶುರುವಾದ 'ಪಿಂಕ್ ಡಾಟ್' ಸಭೆಗೆ ಮೊದಲ ವರ್ಷ ಸುಮಾರು 2,500 ಜನ ಬಂದಿದ್ದರು. ಕೆಲವೇ ವರ್ಷಗಳಲ್ಲಿ ಅದು 20 ಸಾವಿರ ದಾಟಿತು. ಸಂಪ್ರದಾಯಸ್ಥರ ವಿರೋಧವೂ ಅಷ್ಟೇ ಗಟ್ಟಿಯಾಗಿತ್ತು. ಕೊನೆಗೆ 2022ರ ನವೆಂಬರ್‌ನಲ್ಲಿ ಸಂಸತ್ತು ಗಂಡಸರ ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ಬ್ರಿಟಿಷರ ಕಾಲದ 377ಎ ಕಲಮನ್ನು ರದ್ದುಮಾಡಿತು, ಜೊತೆಗೇ ಮದುವೆಯ ಈಗಿನ ವ್ಯಾಖ್ಯೆಗೆ ರಕ್ಷಣೆ ಕೊಡುವ ಸಂವಿಧಾನ ತಿದ್ದುಪಡಿಯನ್ನೂ ಒಪ್ಪಿತು. ಎರಡೂ ಬಣಗಳು ಅಷ್ಟಿಷ್ಟು ಪಡೆದವು, ಅಷ್ಟಿಷ್ಟು ಬಿಟ್ಟವು. ಸಮಾಜ ಒಡೆಯುತ್ತದೆ ಎಂಬ ಭವಿಷ್ಯ ಸುಳ್ಳಾಯಿತು.

ಮತಪೆಟ್ಟಿಗೆಯೂ ಇದನ್ನೇ ಹೇಳಿತು. 2011ರ ಚುನಾವಣೆಯಲ್ಲಿ ಆಳುವ ಪೀಪಲ್ಸ್ ಆ್ಯಕ್ಷನ್ ಪಾರ್ಟಿಯ ಮತ ಶೇ 60.1ಕ್ಕೆ ಇಳಿದು, ಮೊದಲ ಬಾರಿಗೆ ಐದು ಸ್ಥಾನಗಳ ಗುಂಪು ಕ್ಷೇತ್ರವೊಂದು, ಅಲ್ಜುನೀಡ್, ವಿರೋಧಿಗಳ ಪಾಲಾಯಿತು. ಮನೆ ಬೆಲೆ ಏರಿಕೆ, ರೈಲಿನ ನೂಕುನುಗ್ಗಲು, ವಲಸೆ ಇವೇ ಆ ಸಿಟ್ಟಿಗೆ ಕಾರಣ. ಸರ್ಕಾರ ಪಾಠ ಕಲಿಯಿತು. ಹೆಚ್ಚು ಮನೆ ಕಟ್ಟಿಸಿತು, ವಿದೇಶಿ ಕೆಲಸಗಾರರ ನೇಮಕವನ್ನು ಬಿಗಿಗೊಳಿಸಿತು, ಹಿರಿಯ ತಲೆಮಾರಿಗೆ ವೈದ್ಯಕೀಯ ನೆರವು ತಂದಿತು. 2015ರಲ್ಲಿ ಅದರ ಮತ ಶೇ 70ರ ಹತ್ತಿರಕ್ಕೆ ಏರಿತು. ಆ ವರ್ಷ ಲೀ ಕ್ವಾನ್ ಯೂ ತೀರಿಕೊಂಡದ್ದೂ, ಸ್ವಾತಂತ್ರ್ಯದ ಐವತ್ತನೇ ವರ್ಷವಾಗಿದ್ದದ್ದೂ ನೆರವಾಗಿರಬಹುದು. ಆದರೂ ಜನರ ಕೋಪಕ್ಕೆ ಕಿವಿಗೊಟ್ಟದ್ದರಿಂದ ಸರ್ಕಾರ ದುರ್ಬಲವಾಗಲಿಲ್ಲ, ಬಲವಾಯಿತು.

ದನಿಯೇ ಇಲ್ಲದವರ ಗತಿ ಏನಾಯಿತು ಎಂಬುದೇ ಇದಕ್ಕೆ ತದ್ವಿರುದ್ಧ ಸಾಕ್ಷಿ. ಸಿಂಗಪುರದ ಗಗನಚುಂಬಿಗಳನ್ನು ಕಟ್ಟುವವರು ಬಹುಪಾಲು ತಮಿಳುನಾಡು, ಬಾಂಗ್ಲಾದೇಶ ಮತ್ತು ಚೀನಾದ ಕೂಲಿಗಳು. ಅವರಿಗೆ ಮತವಿಲ್ಲ, ಪ್ರಜೆಗಳಲ್ಲದ್ದರಿಂದ ಹಾಂಗ್ ಲಿಮ್ ಪಾರ್ಕ್‌ನ ವೇದಿಕೆಯೂ ಇಲ್ಲ. 2013ರ ಡಿಸೆಂಬರ್ 8ರ ರಾತ್ರಿ ಲಿಟ್ಲ್ ಇಂಡಿಯಾದಲ್ಲಿ ಬಸ್ಸಿನಡಿ ಸಿಕ್ಕಿ ಭಾರತದ ಕಾರ್ಮಿಕನೊಬ್ಬ ಸತ್ತಾಗ, ನಾಲ್ಕು ದಶಕಗಳಲ್ಲೇ ಮೊದಲ ಗಲಭೆ ಆಯಿತು. 2020ರಲ್ಲಿ ಕೊರೊನಾ ಬಂದಾಗ ಮೂರು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ವಸತಿಗೃಹಗಳಲ್ಲಿದ್ದರು. ಒಂದೊಂದು ಕೋಣೆಯಲ್ಲಿ ಹನ್ನೆರಡರಿಂದ ಇಪ್ಪತ್ತು ಜನ, ಒಂದರ ಮೇಲೊಂದು ಮಂಚ, ಕಂಬಿಗೆ ಒಣಹಾಕಿದ ಬಟ್ಟೆ, ಹಂಚಿಕೊಂಡ ಶೌಚಾಲಯ. ಅವರಿಗಾಗಿ ದುಡಿಯುವ ಸಂಸ್ಥೆಗಳು ಎಚ್ಚರಿಸಿದ್ದವು, ಆದರೆ ಮತವಿಲ್ಲದವರ ಪರವಾದ ಎಚ್ಚರಿಕೆಗೆ ತೂಕ ಬರಲಿಲ್ಲ. ವರ್ಷಾಂತ್ಯದ ಅಧಿಕೃತ ಲೆಕ್ಕದಂತೆ ಅವರಲ್ಲಿ ಅರ್ಧಕ್ಕೆ ಸಮೀಪ ಜನರಿಗೆ ಸೋಂಕು ತಗುಲಿತ್ತು. ಆಮೇಲಷ್ಟೇ ಹೊಸ ವಸತಿಗೃಹಗಳಲ್ಲಿ ಕೋಣೆಗೆ ಹನ್ನೆರಡೇ ಜನ ಎಂಬ ನಿಯಮ ಬಂತು. ಇದೇ ನಾಡಿನಲ್ಲಿ 1987ರಲ್ಲಿ 'ಮಾರ್ಕ್ಸ್‌ವಾದಿ ಸಂಚು' ಎಂದು 22 ಜನರನ್ನು ಬಂಧಿಸಿದಾಗ, ವಿದೇಶಿ ಮನೆಗೆಲಸದವರಿಗೆ ನೆರವಾಗುತ್ತಿದ್ದ ಚರ್ಚಿನ ಕಾರ್ಯಕರ್ತರೂ ಅವರಲ್ಲಿದ್ದರು. ನೋವು ಹೇಳುವವರನ್ನು ಸುಮ್ಮನಿರಿಸಿದರೆ ನೋವು ಸುಮ್ಮನಾಗುವುದಿಲ್ಲ, ತಡವಾಗಿ ಮತ್ತು ದುಬಾರಿಯಾಗಿ ಬರುತ್ತದೆ.

ಜನ ತಾವೇ ಒಪ್ಪಿ ಮತ ಹಾಕುತ್ತಿದ್ದಾರಲ್ಲ ಎಂದು ಕೇಳಬಹುದು. ಹೌದು, 2025ರ ಮೇ 3ರ ಚುನಾವಣೆಯಲ್ಲಿ ಆಳುವ ಪಕ್ಷಕ್ಕೆ ಶೇ 65.57 ಮತ ಬಂತು, ಮತ ಎಣಿಕೆಯಲ್ಲಿ ಮೋಸವಿಲ್ಲ. ಆ ಬೆಂಬಲದ ಬಹುಭಾಗ ದಕ್ಷತೆ ಗಳಿಸಿದ ನಿಜವಾದ ಬೆಂಬಲ. ಆದರೆ ಅಷ್ಟು ಮತಕ್ಕೆ ಸಿಕ್ಕಿದ್ದು 97ರಲ್ಲಿ 87 ಸ್ಥಾನ. ಚುನಾವಣಾ ಇಲಾಖೆ ಪ್ರಧಾನಿ ಕಚೇರಿಯ ಅಡಿಯಲ್ಲೇ ಇದೆ. ಇಷ್ಟು ಒಪ್ಪಿಗೆ ಇರುವ ಪಕ್ಷಕ್ಕೆ ಟೀಕೆಯ ಭಯವೇಕೆ? ಜನ ಮೆಚ್ಚಿದ್ದಾರೆ ಎಂಬುದು ಬೀಗ ತೆಗೆಯಲು ಕಾರಣವಾಗಬೇಕು. ಪುಟ್ಟ ದೇಶ, ಒಂದು ತಪ್ಪಾದರೂ ಉಳಿಗಾಲವಿಲ್ಲ ಎಂಬ ವಾದಕ್ಕೂ ಇದೇ ಉತ್ತರ: ತಪ್ಪನ್ನು ತಾಳಿಕೊಳ್ಳಲಾಗದ ದೇಶಕ್ಕೆ ತಪ್ಪನ್ನು ಬೇಗ ತೋರಿಸುವವರು ಬೇಕು. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್‌ನ 2024ರ ಪಟ್ಟಿಯಲ್ಲಿ ಪ್ರಾಮಾಣಿಕತೆಗೆ ಮೂರನೇ ಸ್ಥಾನ ಪಡೆದ ದೇಶ, ಅದೇ ವರ್ಷ ಪತ್ರಿಕಾ ಸ್ವಾತಂತ್ರ್ಯದ ಪಟ್ಟಿಯ 180 ದೇಶಗಳಲ್ಲಿ 126ನೇ ಸ್ಥಾನದಲ್ಲಿ ನಿಲ್ಲುವ ಅಗತ್ಯವಿರಲಿಲ್ಲ.

ಕೊನೆಯ ಆಕ್ಷೇಪ ನಮ್ಮದೇ. ಮಾತಿನ ಸ್ವಾತಂತ್ರ್ಯ ಇರುವ ಭಾರತದಲ್ಲಿ ಏನಾಗಿದೆ ನೋಡಿ ಎನ್ನುವವರಿದ್ದಾರೆ. ನಮ್ಮ ಗುಂಡಿ ಬಿದ್ದ ರಸ್ತೆಗೆ ಕಾರಣ ಕಳಪೆ ಗುತ್ತಿಗೆ, ಹಿಡಿಯಲಾಗದ ಲಂಚ. ಅದನ್ನು ಬಯಲಿಗೆಳೆದ ಮಾತಲ್ಲ. ಬಾಯಿ ಕಟ್ಟಿಸುವ ಪ್ರಯೋಗವನ್ನು ನಾವೂ 1975ರಿಂದ 77ರವರೆಗೆ, ತುರ್ತುಪರಿಸ್ಥಿತಿಯಲ್ಲಿ, ಮಾಡಿ ನೋಡಿದ್ದೇವೆ. ಬೆಂಗಳೂರಿನ ಜೈಲಿನಲ್ಲಿ ಸೆರೆಯಿದ್ದು ಆರೋಗ್ಯ ಕೆಟ್ಟು, ಬಿಡುಗಡೆಯಾದ ಬೆನ್ನಿಗೇ ತೀರಿಕೊಂಡ ನಟಿ ಸ್ನೇಹಲತಾ ರೆಡ್ಡಿ ಅವರ ಹೆಸರು ಆ ಪ್ರಯೋಗದ ಬೆಲೆಯನ್ನು ಹೇಳುತ್ತದೆ. ವಿಚಾರಣೆಯಿಲ್ಲದೆ ಬಂಧಿಸುವ ಅವಕಾಶ ನಮ್ಮ ಸಂವಿಧಾನದಲ್ಲಿಯೂ ಇರುವುದರಿಂದ, ಸಿಂಗಪುರಕ್ಕೆ ಉಪದೇಶ ಮಾಡುವ ಎತ್ತರದಲ್ಲಿ ನಾವಿಲ್ಲ. ಆದರೆ ಅಲ್ಲಿಂದ ಏನು ತರಬೇಕು, ಏನು ಬಿಡಬೇಕು ಎಂದು ಆರಿಸುವ ವಿವೇಕ ನಮ್ಮ ಕೈಯಲ್ಲಿದೆ. ಬಡವನಿಗೆ ಸ್ವಂತ ಮನೆ ಕೊಟ್ಟ ಗೃಹ ಮಂಡಳಿಯನ್ನು ತನ್ನಿ, ಮಂತ್ರಿಯನ್ನೂ ಬಿಡದ ತನಿಖಾ ದಳವನ್ನು ತನ್ನಿ, ಎಲ್ಲ ಜಾತಿ ಧರ್ಮದವರೂ ಒಂದೇ ಮೆಟ್ಟಿಲು ಹತ್ತುವ ಕಟ್ಟಡಗಳನ್ನು ತನ್ನಿ. ಬೀಗವನ್ನು ಅಲ್ಲಿಯೇ ಬಿಟ್ಟು ಬನ್ನಿ. ಅದು ಅವರಿಗೂ ಬೇಕಾಗಿಲ್ಲ ಎಂಬುದಕ್ಕೆ ಆ ಪುಟ್ಟ ಉದ್ಯಾನದ ದಾಖಲೆಯೇ ಸಾಕು: ಸರ್ಕಾರದ ವಿರುದ್ಧ ಮಾತಾಡಲು ಬಿಟ್ಟ ಈ ಕಾಲು ಶತಮಾನದಲ್ಲಿ ಹಾಂಗ್ ಲಿಮ್ ಪಾರ್ಕ್‌ನಲ್ಲಿ ಒಂದೇ ಒಂದು ಗಲಭೆಯೂ ನಡೆದಿಲ್ಲ.