ಜ್ವರದ ಸುಳಿವು ಚರ್ಮದಲ್ಲಿ

ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್, ದಿನದಿಂದ ದಿನಕ್ಕೆ ಏರುವ ತಾಪ, ತಲೆನೋವು, ಹೊಟ್ಟೆನೋವು, ಸುಸ್ತುಗಳಿಂದ ನಮಗೆ ಪರಿಚಿತ. ಅದು ಚರ್ಮದ ಮೇಲೂ ಗುರುತು ಮೂಡಿಸುತ್ತದೆ ಎಂಬುದು ಅಷ್ಟಾಗಿ ಗೊತ್ತಿರುವ ಸಂಗತಿಯಲ್ಲ. ಜ್ವರ ಹಿಡಿದ ಮೊದಲ ವಾರದ ಕೊನೆಗೋ ಎರಡನೆಯ ವಾರದಲ್ಲೋ ಕೆಲವು ರೋಗಿಗಳ ಹೊಟ್ಟೆ ಮತ್ತು ಎದೆಯ ಕೆಳಭಾಗದಲ್ಲಿ ನಸುಗೆಂಪು ಚುಕ್ಕೆಗಳು ಏಳುತ್ತವೆ. ಒಂದೊಂದರ ಅಗಲ 2ರಿಂದ 4 ಮಿಲಿಮೀಟರ್. ಸಾಮಾನ್ಯವಾಗಿ ತುರಿಕೆಯಿಲ್ಲ, ನೋವಿಲ್ಲ. ಬೆರಳಿನಿಂದ ಒತ್ತಿದರೆ ಬಣ್ಣ ಮಾಯವಾಗುತ್ತದೆ, ಬಿಟ್ಟೊಡನೆ ಮರಳುತ್ತದೆ. ಕೆಲವೇ ದಿನಗಳಲ್ಲಿ ತಾವಾಗಿಯೇ ಮಾಸಿಹೋಗುವ ಇವನ್ನು ವೈದ್ಯರು ‘ರೋಸ್ ಸ್ಪಾಟ್ಸ್’ ಎನ್ನುತ್ತಾರೆ.

ಕರುಳಿನ ರೋಗ ಚರ್ಮಕ್ಕೆ ಬಂದದ್ದು ಹೇಗೆ? ಕಲುಷಿತ ನೀರು, ಆಹಾರದೊಡನೆ ಒಳಹೊಕ್ಕ ಸಾಲ್ಮೊನೆಲ್ಲಾ ಟೈಫಿ ಬ್ಯಾಕ್ಟೀರಿಯಾ ಸಣ್ಣ ಕರುಳಿನ ಗೋಡೆ ದಾಟುತ್ತದೆ. ಯಕೃತ್ತು, ಗುಲ್ಮ, ಅಸ್ಥಿಮಜ್ಜೆಗಳಲ್ಲಿ ಬೀಡುಬಿಟ್ಟು ವೃದ್ಧಿಸಿ, ಮತ್ತೆ ರಕ್ತಕ್ಕೆ ಇಳಿಯುತ್ತದೆ. ರಕ್ತದೊಡನೆ ಸಾಗಿ ಚರ್ಮದ ಲೋಮನಾಳಗಳಲ್ಲಿ ತಂಗಿದೆಡೆ ಉರಿಯೂತ ಹುಟ್ಟಿ ಚುಕ್ಕೆ ಕಾಣಿಸುತ್ತದೆ. ಆ ಚುಕ್ಕೆಯಿಂದ ಚೂರು ಚರ್ಮ ತೆಗೆದು ಕಲ್ಚರ್‌ಗೆ ಇಟ್ಟರೆ ಬಹಳ ಸಲ ಅದೇ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಟೈಫಸ್ ಎಂಬ ಬೇರೊಂದು ಜ್ವರ ಮತ್ತು ಟೈಫಾಯ್ಡ್ ಒಂದೇ ರೋಗವೆಂಬ ಗೊಂದಲ 19ನೆಯ ಶತಮಾನದಲ್ಲಿ ದೀರ್ಘಕಾಲ ಇತ್ತು. 1837ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಗೆರ್ಹಾರ್ಡ್, ಆಮೇಲೆ ಲಂಡನ್ನಿನ ವಿಲಿಯಂ ಜೆನ್ನರ್ ಇವೆರಡನ್ನೂ ಬೇರ್ಪಡಿಸಿದರು. ಅವರಿಗೆ ಆಧಾರವಾದದ್ದು ಕರುಳಿನ ಹುಣ್ಣು ಮತ್ತು ಮೈಮೇಲಿನ ಚುಕ್ಕೆಗಳಲ್ಲಿದ್ದ ವ್ಯತ್ಯಾಸ. ಟೈಫಾಯ್ಡ್ ಬ್ಯಾಕ್ಟೀರಿಯಾವನ್ನು ಕಾರ್ಲ್ ಎಬರ್ಥ್ ಗುರುತಿಸಿದ್ದು 1880ರಲ್ಲಿ.

ಈ ಚುಕ್ಕೆಗಳನ್ನು ಗುರುತಿಸಲು ನಮ್ಮಲ್ಲಿ ಒಂದು ತೊಡಕಿದೆ. ಪಠ್ಯಪುಸ್ತಕಗಳು ವರ್ಣಿಸುವ ಗುಲಾಬಿ ಬಣ್ಣ ಕಾಣುವುದು ಬಿಳಿ ಚರ್ಮದ ಮೇಲೆ. ಕಂದು, ಕಪ್ಪು ಮೈಬಣ್ಣದಲ್ಲಿ ಅದು ಸುಲಭಕ್ಕೆ ಕಣ್ಣಿಗೆ ಬೀಳದು. ಆದ್ದರಿಂದ ಚುಕ್ಕೆ ಇಲ್ಲವೆಂದ ಮಾತ್ರಕ್ಕೆ ಟೈಫಾಯ್ಡ್ ಅಲ್ಲವೆನ್ನಲಾಗದು. ರೋಗ ಖಚಿತವಾಗಲು ಬ್ಲಡ್ ಕಲ್ಚರ್ ಬೇಕು, ಅದೂ ಆದಷ್ಟು ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲೇ. ಒಂದೇ ಒಂದು ವಿಡಾಲ್ ಪರೀಕ್ಷೆಯನ್ನು ನಂಬಿ ಕೂರುವಂತಿಲ್ಲ.

ಕರ್ನಾಟಕದಲ್ಲೂ ಕಾಣಿಸಿಕೊಳ್ಳುವ ಸ್ಕ್ರಬ್ ಟೈಫಸ್‌ನಲ್ಲಿ ಮಾತ್ರ ಚರ್ಮದ ಸುಳಿವು ಬಲು ಗಟ್ಟಿ. ಪೊದೆ, ಹುಲ್ಲುಗಳಲ್ಲಿರುವ ನುಸಿಯ ಮರಿ ಕಚ್ಚಿದ ಜಾಗದಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಕಟ್ಟುತ್ತದೆ. ಅದು ಎಲ್ಲ ರೋಗಿಗಳಲ್ಲೂ ಇರುವುದಿಲ್ಲ. ಇದ್ದರೂ ಕಂಕುಳು, ತೊಡೆಸಂದು, ಸ್ತನದ ಕೆಳಗಿನಂಥ ಮರೆಯ ಜಾಗಗಳಲ್ಲಿರುವುದೇ ಹೆಚ್ಚು. ಬಟ್ಟೆ ಸರಿಸಿ ನೋಡದ ವೈದ್ಯರಿಗೆ ಅದು ಸಿಗದು. ಈ ಎರಡು ಜ್ವರಗಳು ಆರಂಭದಲ್ಲಿ ಎಷ್ಟು ಹೋಲುತ್ತವೆಂದರೆ, 1948ರಲ್ಲಿ ಕ್ವಾಲಾಲಂಪುರದಲ್ಲಿ ಕ್ಲೋರಾಂಫೆನಿಕಾಲ್ ಔಷಧವನ್ನು ಸ್ಕ್ರಬ್ ಟೈಫಸ್ ಮೇಲೆ ಪರೀಕ್ಷಿಸುತ್ತಿದ್ದಾಗ ರೋಗಿಗಳ ನಡುವೆ ಟೈಫಾಯ್ಡ್‌ನವರೂ ಸೇರಿಕೊಂಡಿದ್ದರು. ಅವರೂ ಚೇತರಿಸಿಕೊಂಡರು. ಟೈಫಾಯ್ಡ್‌ಗೆ ಪರಿಣಾಮಕಾರಿ ಆ್ಯಂಟಿಬಯಾಟಿಕ್ ದೊರೆತದ್ದು ಹಾಗೆ.

ಎಲ್ಲ ಚುಕ್ಕೆಗಳೂ ಇಷ್ಟು ಸೌಮ್ಯವಲ್ಲ. ಮೆನಿಂಜೊಕಾಕಸ್ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಲೋಮನಾಳಗಳು ಹಾನಿಗೊಂಡು ಚರ್ಮದೊಳಗೇ ರಕ್ತ ಒಸರುತ್ತದೆ. ಕೆಂಪು, ನೇರಳೆ ಬಣ್ಣದ ಈ ಕಲೆಗಳು ಒತ್ತಿದರೂ ಮಾಸುವುದಿಲ್ಲ. ಪಾರದರ್ಶಕ ಗಾಜಿನ ಲೋಟವನ್ನು ಕಲೆಯ ಮೇಲೆ ಒತ್ತಿ ನೋಡಿದರೆ ಇದು ತಿಳಿಯುತ್ತದೆ. ಕಪ್ಪು ಮೈಬಣ್ಣದವರಲ್ಲಿ ಅಂಗೈ, ಅಂಗಾಲು, ಕಣ್ಣರೆಪ್ಪೆಯ ಒಳಭಾಗಗಳನ್ನೂ ನೋಡಬೇಕು. ಹೃದಯದ ಕವಾಟಕ್ಕೆ ಸೋಂಕು ತಗುಲಿದಾಗಲೂ ಬೆರಳ ತುದಿಯಲ್ಲಿ ನೋಯುವ ಗಂಟು, ಉಗುರಿನಡಿ ರಕ್ತದ ಗೆರೆ ಮೂಡಬಹುದು.

ಜ್ವರ ಮೂರು ದಿನ ದಾಟಿದರೆ ಅಂಗಡಿಯ ಮಾತ್ರೆಯಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಿ. ಮೈಮೇಲೆ ಕಂಡ ಹೊಸ ಚುಕ್ಕೆ, ಹಕ್ಕಳೆ ಎಲ್ಲಿದ್ದರೂ ಸಂಕೋಚಪಡದೆ ತೋರಿಸಿ. ಜ್ವರದ ಜೊತೆ ಒತ್ತಿದರೂ ಮಾಸದ ಕಲೆ ಕಂಡರಂತೂ ಬೆಳಗಾಗಲೆಂದು ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಒತ್ತಿದಾಗ ಚುಕ್ಕೆ ಮಾಸುತ್ತಿದೆ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. ರೋಗಿ ಮಂಕಾಗುತ್ತಿದ್ದರೆ ಅದೂ ತುರ್ತೇ.