ಎಳೆಯುವುದೋ, ಹೊರುವುದೋ?
ವಿದ್ಯುತ್ ವಾಹನಗಳ ಕಾಲದಲ್ಲಿ ಟೋಯಿಂಗ್ ಸಲಕರಣೆಯ ಆಯ್ಕೆ

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯು ಹಾವೇರಿ ಜಿಲ್ಲೆಯ ವ್ಯಾಪಾರಕ್ಕೆ ಬೆನ್ನೆಲುಬಿನಂತಿದೆ. ಮೊದಲು 4ನೆಯ ಸಂಖ್ಯೆಯದಾಗಿದ್ದು ಈಗ 48ನೆಯ ಸಂಖ್ಯೆಯಿಂದ ಗುರುತಿಸಲಾಗುವ ಈ ರಸ್ತೆಯಲ್ಲಿ ಹಾವೇರಿ, ಬ್ಯಾಡಗಿಗೆ ತಿರುಗುವ ಮೋಟೆಬೆನ್ನೂರು ಹಾಗೂ ರಾಣೆಬೆನ್ನೂರುಗಳು ಮೂವತ್ತು ಚಿಲ್ಲರೆ ಕಿಲೋಮೀಟರುಗಳ ಅಂತರದೊಳಗೆ ಸಾಲಾಗಿ ಬರುತ್ತವೆ. ಕೆಟ್ಟು ನಿಂತ ವಾಹನವನ್ನು ಗ್ಯಾರೇಜಿಗೆ ತಲುಪಿಸುವ ಉದ್ಯೋಗ ಈ ಮೂರೂ ಊರುಗಳಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಹಳೆಯ ಲಾರಿಯ ಚಾಸಿಯ ಮೇಲೆ ಕ್ರೇನ್ ಕೂರಿಸಿ, ಕೊಕ್ಕೆ ಹಾಕಿ, ಮುಂದಿನ ಎರಡು ಚಕ್ರ ಎತ್ತಿ ಎಳೆದುಕೊಂಡು ಬರುವುದೇ ಇದರ ಸಾಮಾನ್ಯ ಕ್ರಮ. ಗೇರನ್ನು ನ್ಯೂಟ್ರಲ್‌ಗೆ ಹಾಕಿದರೆ ಮುಗಿಯಿತು ಎನ್ನುವ ವಾಹನಗಳಿಗೆ ಅದು ಸಾಕಾಗಿತ್ತು.

ಇಂದು ಆ ಕೊಕ್ಕೆಗೆ ಸಿಗುವ ವಾಹನಗಳ ಸ್ವರೂಪ ಬದಲಾಗಿದೆ. 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ವಿದ್ಯುತ್ ಕಾರು ಮಾರುಕಟ್ಟೆಗೆ ಬಂದಿತು. ಅದೇ ವರ್ಷ ಮಹೀಂದ್ರಾ ಟ್ರಿಯೊ ಜೋರ್ ಎಂಬ ಸರಕು ಸಾಗಣೆಯ ವಿದ್ಯುತ್ ಆಟೊ, 2022ರಲ್ಲಿ ಟಾಟಾ ಏಸ್ ವಿದ್ಯುತ್ ಗಾಡಿ ಬಂದವು. 2025ರಲ್ಲಿ ಮುಂದಿನ ಹಾಗೂ ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಮೋಟಾರುಗಳಿರುವ ಹ್ಯಾರಿಯರ್ ವಿದ್ಯುತ್ ವಾಹನವೂ ಬಂದಿತು. ಇತ್ತ ಥಾರ್, ಫಾರ್ಚುನರ್, ಗ್ರ್ಯಾಂಡ್ ವಿಟಾರಾಗಳಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಮಾದರಿಗಳಿವೆ. ಇವುಗಳನ್ನು ಹಳೆಯ ಕ್ರಮದಲ್ಲಿ ಎಳೆದರೆ ಆಗುವ ನಷ್ಟ ಎಳೆದವನ ತಲೆಗೇ ಬರುತ್ತದೆ. ಹೊಸ ಸಲಕರಣೆ ಕೊಳ್ಳುವ ಆಲೋಚನೆಯಲ್ಲಿರುವ ಗ್ಯಾರೇಜ್ ಮಾಲೀಕರೂ ವಿದ್ಯುತ್ ಗಾಡಿ ಇಟ್ಟುಕೊಂಡಿರುವ ವರ್ತಕರೂ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳಿತು.

ಮೊದಲಿಗೆ ಕಾರಣ. ಬಹುತೇಕ ವಿದ್ಯುತ್ ವಾಹನಗಳ ಮೋಟಾರಿನಲ್ಲಿ ಶಾಶ್ವತ ಅಯಸ್ಕಾಂತಗಳಿರುತ್ತವೆ. ಮೋಟಾರಿಗೂ ಚಕ್ರಕ್ಕೂ ನಡುವೆ ಕ್ಲಚ್ ಇರುವುದಿಲ್ಲ. ಚಕ್ರ ತಿರುಗಿದರೆ ಮೋಟಾರೂ ತಿರುಗುತ್ತದೆ, ತಿರುಗಿದ ಮೋಟಾರು ಡೈನಮೊದಂತೆ ವಿದ್ಯುತ್ತನ್ನು ಉತ್ಪಾದಿಸುತ್ತದೆ. ವಾಹನದ ವ್ಯವಸ್ಥೆ ಸ್ತಬ್ಧವಾಗಿರುವಾಗ ಈ ವಿದ್ಯುತ್ತು ಇನ್ವರ್ಟರನ್ನು ಸುಡಬಹುದು, ಬೆಂಕಿಗೂ ಎಡೆಮಾಡಿಕೊಡಬಹುದು. ಇಲ್ಲಿ ‘ನ್ಯೂಟ್ರಲ್’ ಎಂಬುದು ಹೆಸರಿಗೆ ಮಾತ್ರ. ಪೆಟ್ರೋಲ್ ಗಾಡಿಯ ನ್ಯೂಟ್ರಲ್‌ನಂತೆ ಯಾವ ಗೇರೂ ಬಿಡುಗಡೆಯಾಗುವುದಿಲ್ಲ. ನಾಲ್ಕು ಚಕ್ರ ಚಾಲನೆಯ ವಾಹನದ ತೊಂದರೆ ಬೇರೆ ಬಗೆಯದು. ಎರಡು ಚಕ್ರ ಎತ್ತಿ ಇನ್ನೆರಡನ್ನು ಉರುಳಿಸಿದಾಗ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳನ್ನು ಜೋಡಿಸುವ ಕಪ್ಲಿಂಗು ಎಡೆಬಿಡದೆ ಜಾರುತ್ತಾ ಕಾಯುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಂಜಿನ್ ನಿಂತಿರುವುದರಿಂದ ಎಣ್ಣೆಯ ಪಂಪು ಕೆಲಸ ಮಾಡುವುದಿಲ್ಲ. ಥಾರ್‌ನಂತಹ ವಾಹನದ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಪ್ರತ್ಯೇಕ ನ್ಯೂಟ್ರಲ್ ಇರುತ್ತದೆಯಾದರೂ, ತಯಾರಕರ ಕೈಪಿಡಿ ಏನು ಹೇಳುತ್ತದೆ ಎಂಬುದನ್ನು ನೋಡದೆ ಅದನ್ನು ನೆಚ್ಚುವುದು ಸರಿಯಲ್ಲ.

ಹೀಗಾಗಿ ತಂತ್ರಜ್ಞರ ಸಲಹೆ ಒಂದೇ: ನಾಲ್ಕೂ ಚಕ್ರಗಳು ನೆಲ ಬಿಟ್ಟಿರಬೇಕು. ಅಮೆರಿಕದ ಟೆಸ್ಲಾ ತನ್ನ ಕಾರುಗಳನ್ನು ಫ್ಲ್ಯಾಟ್‌ಬೆಡ್ ಮೇಲೆ ಸಾಗಿಸಬೇಕೆಂದೇ ಕೈಪಿಡಿಯಲ್ಲಿ ಸೂಚಿಸಿದೆ. ಇದಕ್ಕೆ ದಾರಿಗಳು ಎರಡು. ಒಂದು, ಹಿಂದಕ್ಕೆ ಜಾರಿ ಇಳಿಯುವ ಹಾಸುಳ್ಳ ಫ್ಲ್ಯಾಟ್‌ಬೆಡ್ ಲಾರಿ. ಇನ್ನೊಂದು, ಈಗಿರುವ ಚಕ್ರ ಎತ್ತುವ ಗಾಡಿಯ ಜೊತೆಗೆ, ಉಳಿದೆರಡು ಚಕ್ರಗಳ ಕೆಳಗೆ ಕೊಡುವ ಸಣ್ಣ ಗಾಲಿಗಳ ಡಾಲಿ. ಡಾಲಿಯ ಖರ್ಚು ಕಡಿಮೆ. ಇಕ್ಕಟ್ಟಾದ ಪೇಟೆಯ ಬೀದಿಗಳಲ್ಲಿ ಅದು ಅನುಕೂಲವೂ ಹೌದು. ಆದರೆ ಹೆದ್ದಾರಿಯಲ್ಲಿ ಹತ್ತಿಪ್ಪತ್ತು ಕಿಲೋಮೀಟರು ಹೋಗಬೇಕಾದಾಗ ಫ್ಲ್ಯಾಟ್‌ಬೆಡ್ಡಿಗೆ ಸಮನಾದುದಿಲ್ಲ.

ಫ್ಲ್ಯಾಟ್‌ಬೆಡ್ ಆರಿಸುವಾಗ ಬಹಳ ಜನ ಎಡವುವುದು ತೂಕದ ಲೆಕ್ಕದಲ್ಲಿ. ಬ್ಯಾಟರಿಯ ಕಾರಣದಿಂದ ದೊಡ್ಡ ವಿದ್ಯುತ್ ವಾಹನಗಳು ಎರಡು ಟನ್ನಿಗೂ ಮೀರಿ ತೂಗುತ್ತವೆ. ಒಂದು ಉದಾಹರಣೆ: ಚಾಸಿಗೆ ಅನುಮತಿಸಿದ ಒಟ್ಟು ತೂಕ 7,490 ಕಿಲೋ ಇದೆ ಎನ್ನೋಣ. ಹಾಸು, ವಿಂಚ್, ಚಾಲಕ, ಸಹಾಯಕ ಎಲ್ಲ ಸೇರಿ 4,600 ಕಿಲೋ ಆದರೆ ಹೊರಲು ಉಳಿಯುವುದು 2,890 ಕಿಲೋ. ಸ್ಥಳೀಯ ವರ್ಕ್‌ಶಾಪಿನಲ್ಲಿ ‘ಗಟ್ಟಿ ಇರಲಿ’ ಎಂದು ದಪ್ಪ ತಗಡು, ಹೆಚ್ಚು ಚಾನೆಲ್ ಹಾಕಿಸಿ 800 ಕಿಲೋ ಏರಿಸಿದರೆ ಉಳಿಯುವುದು 2,090 ಮಾತ್ರ. ಗಾಡಿ ಗಟ್ಟಿಯಾಯಿತು, ಆದರೆ ಯಾವ ಕೆಲಸಕ್ಕೆಂದು ಕೊಂಡದ್ದೋ ಆ ಕೆಲಸಕ್ಕೆ ಬಾರದಾಯಿತು! ಅಧಿಕ ಭಾರಕ್ಕೆ 2019ರ ತಿದ್ದುಪಡಿಯನ್ವಯ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ಟ್ರಾಕ್ಟರ್ ಟ್ರೈಲರ್ ಕಟ್ಟುವ ನಮ್ಮ ಭಾಗದ ಉದ್ದಿಮೆದಾರರಿಗೆ ಇಲ್ಲಿ ಅವಕಾಶವಿದೆ ನಿಜ. ಆದರೆ ಲಾರಿಯ ಬಾಡಿ ಕಟ್ಟುವುದಕ್ಕೆ ಎಐಎಸ್-093 ಎಂಬ ಮಾನದಂಡವಿದೆ. ಅದಕ್ಕೆ ಅನುಗುಣವಾಗಿರದ ಹಾಸಿಗೆ ನೋಂದಣಿಯ ಸಮಯದಲ್ಲಿ ಅಡ್ಡಿ ಬರುತ್ತದೆ.

7,500 ಕಿಲೋದ ಮಿತಿಯೊಳಗೆ ಇರುವುದರಿಂದ ಇನ್ನೊಂದು ಲಾಭವಿದೆ. ಹಗುರ ಮೋಟಾರು ವಾಹನದ ಪರವಾನಗಿ ಉಳ್ಳವರು ಆ ಮಿತಿಯೊಳಗಿನ ಸಾರಿಗೆ ವಾಹನವನ್ನೂ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪಿತ್ತಿದೆ. ಚಾಲಕರು ಸಿಗುವುದೇ ಕಷ್ಟವಾಗಿರುವಾಗ ಇದು ಸಣ್ಣ ವಿಷಯವಲ್ಲ.

ವಿಂಚ್ ವಿಷಯದಲ್ಲಿ ಪೌಂಡು ಮತ್ತು ಕಿಲೋ ಗೊಂದಲವನ್ನು ತಪ್ಪಿಸಬೇಕು. 9,500 ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅದು ಬಹುಮಟ್ಟಿಗೆ ಪೌಂಡು, ಅಂದರೆ ಸುಮಾರು 4,300 ಕಿಲೋ. ಅದೂ ಡ್ರಮ್ಮಿನ ಮೇಲೆ ಹಗ್ಗದ ಮೊದಲ ಸುತ್ತು ಮಾತ್ರ ಉಳಿದಿರುವಾಗಿನ ಶಕ್ತಿ. ಸುತ್ತು ಹೆಚ್ಚಿದಂತೆ ಅದು ಕುಗ್ಗುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಹೂತ ಗಾಡಿಯನ್ನು ಎಳೆಯುವುದಕ್ಕೂ ಟಾರು ರಸ್ತೆಯ ಮೇಲೆ ನಿಂತ ಗಾಡಿಯನ್ನು ಎಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ವಿಂಚಿನ ಜೊತೆಗೆ ಚಕ್ರದ ಕೆಳಗೆ ಇಡುವ ಸ್ಕೇಟ್‌ಗಳು ಇರಲೇಬೇಕು. ವಿದ್ಯುತ್ ಕಾರಿನಲ್ಲಿರುವ 12 ವೋಲ್ಟಿನ ಸಣ್ಣ ಬ್ಯಾಟರಿ ಸತ್ತರೆ, ವಿದ್ಯುತ್ ಚಾಲಿತ ಹ್ಯಾಂಡ್‌ಬ್ರೇಕ್ ಬಿಡುವುದಿಲ್ಲ. ಆಗ ಚಕ್ರವನ್ನು ಉಜ್ಜುತ್ತಾ ಎಳೆಯುವ ಬದಲು ಸ್ಕೇಟ್ ಮೇಲೆ ಜಾರಿಸಬೇಕು. ಕೊಕ್ಕೆಯನ್ನು ಬಂಪರಿನಲ್ಲಿ ತಿರುಗಿಸಿ ಕೂರಿಸುವ ಬಳೆಗೇ ಹಾಕಬೇಕೇ ಹೊರತು ಕೆಳಗಿನ ಭಾಗಕ್ಕಲ್ಲ. ಅಲ್ಲಿರುವುದು ಬ್ಯಾಟರಿ.

ಎಲ್ಲರಿಗೂ ಫ್ಲ್ಯಾಟ್‌ಬೆಡ್ ಬೇಕೆಂದೇನೂ ಇಲ್ಲ. ಪೇಟೆಯೊಳಗೆ ಚೀಲ ಸಾಗಿಸುವ ವಿದ್ಯುತ್ ಆಟೊಗಳನ್ನು ಮಾತ್ರ ನೋಡಿಕೊಳ್ಳುವ ಮೆಕ್ಯಾನಿಕ್‌ಗೆ ಪಿಕಪ್ ಗಾಡಿ, ಎರಡು ರ‍್ಯಾಂಪ್ ಹಲಗೆ, ನಾಲ್ಕು ರ‍್ಯಾಚೆಟ್ ಪಟ್ಟಿ ಸಾಕಾದೀತು. ಪಿಕಪ್ಪಿನ ಹಾಸಿನ ಉದ್ದವನ್ನು ಮೊದಲೇ ಅಳೆದು ನೋಡಬೇಕು. ಹಗ್ಗ ಕಟ್ಟಿ ಎಳೆಯುವ ಅಭ್ಯಾಸವನ್ನಂತೂ ಬಿಡಬೇಕು. ಟ್ರಾಕ್ಟರಿನಿಂದ ಎಳೆಸುವವರೂ ಇದ್ದಾರೆ. ಕೃಷಿಗೆಂದು ವಿಮೆ ಮಾಡಿಸಿದ ಟ್ರಾಕ್ಟರನ್ನು ಬಾಡಿಗೆಗೆ ಬಳಸಿದಾಗ ಅಪಘಾತವಾದರೆ ವಿಮಾ ಕಂಪನಿ ಕೈ ಎತ್ತುತ್ತದೆ.

ಬ್ಯಾಡಗಿಯ ವರ್ತಕರಿಗೆ ಪ್ರತ್ಯೇಕವಾಗಿ ಒಂದು ಮಾತು. ಡಿಕ್ಕಿಯಾದ ಅಥವಾ ನೀರಿನಲ್ಲಿ ಮುಳುಗಿದ ವಿದ್ಯುತ್ ಗಾಡಿಯ ಬ್ಯಾಟರಿ ಕೆಲವು ಗಂಟೆಗಳ, ಒಮ್ಮೊಮ್ಮೆ ಕೆಲವು ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಅಂತಹ ಗಾಡಿಯನ್ನು ಕಟ್ಟಡದಿಂದಲೂ ಇತರ ವಾಹನಗಳಿಂದಲೂ ಸುಮಾರು 15 ಮೀಟರು ದೂರ ಬಯಲಿನಲ್ಲಿ ನಿಲ್ಲಿಸಬೇಕೆಂಬುದು ಅಂಗೀಕೃತ ಸಲಹೆ. ಹಂಗಾಮಿನಲ್ಲಿ ಒಣ ಮೆಣಸಿನಕಾಯಿ ಚೀಲಗಳು ಅಟ್ಟಿಗಟ್ಟಲೆ ಬಿದ್ದಿರುವಾಗ, ‘ರಾತ್ರಿ ಗೋದಾಮಿನ ಒಳಗೇ ಇರಲಿ, ಬೆಳಿಗ್ಗೆ ಮೆಕ್ಯಾನಿಕ್ ಬರುತ್ತಾನೆ’ ಎನ್ನುವುದು ಗಾಡಿಯ ಬೆಲೆಗಿಂತ ಹಲವು ಪಟ್ಟು ಬೆಲೆಯ ಸರಕನ್ನು ಪಣಕ್ಕಿಟ್ಟಂತೆ.

ಇನ್ನು ಹಣಕಾಸಿನ ಮಾತು. ಕ್ರೇನ್ ಗಾಡಿಗಿಂತ ಫ್ಲ್ಯಾಟ್‌ಬೆಡ್ಡಿಗೆ ಆರು ಲಕ್ಷ ರೂಪಾಯಿ ಹೆಚ್ಚು ತಗಲುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಶೇಕಡಾ 11ರ ಬಡ್ಡಿ ವರ್ಷಕ್ಕೆ 66,000. ಎಂಟು ವರ್ಷದ ಬಾಳಿಕೆಯಂತೆ ಸವಕಳಿ 75,000. ಒಟ್ಟು 1,41,000, ತಿಂಗಳಿಗೆ 11,750 ರೂಪಾಯಿ. ಪ್ರತಿ ಸಾಗಣೆಯಲ್ಲಿ 1,500 ರೂಪಾಯಿ ಹೆಚ್ಚು ಉಳಿದರೆ ತಿಂಗಳಿಗೆ ಎಂಟು ಸಾಗಣೆ ಬೇಕು. ಬ್ಯಾಡಗಿಯ ಒಂದೇ ಗ್ಯಾರೇಜಿಗೆ ಇಂದು ಇಷ್ಟು ಕೆಲಸ ಸಿಗುವುದು ಕಷ್ಟ. ಮೂರೂ ಊರಿನ ಮೂವರು ಪಾಲುದಾರಿಕೆ ಪತ್ರ ಮಾಡಿಕೊಂಡು ಒಂದು ಗಾಡಿಯನ್ನು ನಡುವಿನ ಮೋಟೆಬೆನ್ನೂರಿನಲ್ಲಿ ನಿಲ್ಲಿಸಿದರೆ ಲೆಕ್ಕ ಕೂಡುತ್ತದೆ.

ತೆರಿಗೆಯ ದೃಷ್ಟಿಯಿಂದ, ಸರಕು ಸಾಗಣೆ ವಾಹನಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಕಾರುಗಳಿಗಿರುವ ಹೂಡುವಳಿ ತೆರಿಗೆ ಜಮೆಯ ನಿರ್ಬಂಧವು ಜನರನ್ನು ಸಾಗಿಸದ ಇಂತಹ ಗಾಡಿಗೆ ಅನ್ವಯಿಸದು. ಆದಾಯ ತೆರಿಗೆಯಲ್ಲಿ ಬಾಡಿಗೆಗೆ ಓಡುವ ಲಾರಿಗೆ ಸವಕಳಿ ಶೇಕಡಾ 30, ಸ್ವಂತ ಉಪಯೋಗಕ್ಕಾದರೆ 15. ಆದ್ದರಿಂದ ಸಾಗಣೆಯ ಬಿಲ್ಲುಗಳನ್ನು ರಿಪೇರಿ ಬಿಲ್ಲಿನಲ್ಲಿ ಸೇರಿಸಿಬಿಡದೆ ಪ್ರತ್ಯೇಕವಾಗಿ ಬರೆಯುವುದು ಲೇಸು.

ವಿಮೆಯ ವಿಷಯದಲ್ಲಿ ಎರಡೂ ಕಡೆಯವರಿಗೆ ತಿಳಿಯದ ಸಂಗತಿಗಳಿವೆ. ಸಾಮಾನ್ಯ ಪಾಲಿಸಿಯಲ್ಲಿ ಅಪಘಾತಕ್ಕೀಡಾದ ವಾಹನ ಸಾಗಿಸಲು ದೊರೆಯುವ ಮೊತ್ತ ಖಾಸಗಿ ಕಾರಿಗೆ 1,500, ಮೂರು ಚಕ್ರದ ವಾಣಿಜ್ಯ ವಾಹನಕ್ಕೆ 750, ಇತರ ಸರಕು ವಾಹನಕ್ಕೆ 2,500 ರೂಪಾಯಿ ಮಾತ್ರ. ಹೆಚ್ಚು ಬೇಕಾದವರು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಮೊದಲೇ ಸೇರಿಸಿಕೊಳ್ಳಬೇಕು. ಟೋಯಿಂಗ್ ನಡೆಸುವವರ ಮಟ್ಟಿಗೆ, ತಮ್ಮ ವಶದಲ್ಲಿರುವ ಇತರರ ಸ್ವತ್ತಿಗೆ ಆದ ಹಾನಿಯನ್ನು ಥರ್ಡ್ ಪಾರ್ಟಿ ವಿಮೆ ಭರಿಸುವುದಿಲ್ಲ. ಹಾಸಿನಿಂದ ಜಾರಿ ಬಿದ್ದ ಗ್ರಾಹಕನ ಕಾರಿನ ನಷ್ಟ ಮಾಲೀಕನದೇ. ಇದಕ್ಕೆ ಸಾಗಣೆದಾರರ ಹೊಣೆಗಾರಿಕೆಯ ಪ್ರತ್ಯೇಕ ಪಾಲಿಸಿ ಬೇಕು. ಜೊತೆಗೆ, ವಾಹನ ಹತ್ತಿಸುವ ಮೊದಲೇ ನಾಲ್ಕೂ ಬದಿಯ ಮತ್ತು ಮೀಟರಿನ ಫೋಟೊ ತೆಗೆದು, ಹತ್ತಿಸಿದ ಸ್ಥಳ, ಸಮಯ, ಅದಾಗಲೇ ಇದ್ದ ಹಾನಿ, ಹಾಗೂ ತಾವು ಬರುವ ಮುನ್ನ ಗಾಡಿಯನ್ನು ಬೇರಾರಾದರೂ ಎಳೆದಿದ್ದರೇ ಎಂಬುದನ್ನು ರಸೀದಿಯಲ್ಲಿ ಬರೆದು ಗ್ರಾಹಕರ ಸಹಿ ಪಡೆಯಬೇಕು.