ಜೋಗದ ಪಾಡು ಅತಿರಪ್ಪಿಳ್ಳಿಗೆ ಬರಲಿಲ್ಲ

ಕೊಚ್ಚಿ: ಕೊಚ್ಚಿ, ತಿರುವನಂತಪುರಗಳಲ್ಲಿ ಉದ್ಯೋಗ ನಿಮಿತ್ತ ನೆಲೆಸಿರುವ ಕನ್ನಡಿಗರಿಗೆ ಜಲಪಾತವೆಂದರೆ ಮೊದಲು ನೆನಪಾಗುವುದು ಜೋಗ. ಆದರೆ ಊರಿನಿಂದ ಬಂಧುಗಳು ಬಂದಾಗ ಕರೆದೊಯ್ಯಲು ಹತ್ತಿರವಿರುವುದು ತ್ರಿಶ್ಶೂರು ಜಿಲ್ಲೆಯ ಅತಿರಪ್ಪಿಳ್ಳಿ. ಎತ್ತರದಲ್ಲಿ ಎರಡಕ್ಕೂ ಹೋಲಿಕೆಯಿಲ್ಲ. ಜೋಗ 830 ಅಡಿ, ಇದು ಸುಮಾರು 80 ಅಡಿ. ಆದರೂ ಜೋಗ ಕಂಡವರು ಇದನ್ನು ಒಮ್ಮೆ ನೋಡಲೇಬೇಕು.

ಎರ್ನಾಕುಳಂ ಕಡೆಯಿಂದಾಗಲಿ ತಿರುವನಂತಪುರದಿಂದಾಗಲಿ ರೈಲಿನಲ್ಲಿ ಬರುವವರು ಚಾಲಕುಡಿಯಲ್ಲಿ ಇಳಿಯಬೇಕು. ಅಲ್ಲಿಂದ ಬಸ್ಸಿನಲ್ಲಿ ಸುಮಾರು 30 ಕಿ.ಮೀ. ಟಿಕೆಟ್ ಪಡೆದು ಕಲ್ಲುಹಾಸಿನ ದಾರಿಯಲ್ಲಿ ನಡೆದರೆ ಮೊದಲು ಸಿಗುವುದು ನದಿ ಧುಮುಕುವ ಬಂಡೆಯ ನೆತ್ತಿ. ಮರಗಳ ನಡುವಿನ ಕಡಿದಾದ ದಾರಿಯಲ್ಲಿ ಕಮರಿಗೆ ಇಳಿದರೆ ಜಲಪಾತದ ಬುಡ. ಇಳಿಯುವುದು ಸುಲಭ, ಹತ್ತುವಾಗ ಹಿರಿಯರು ಅಲ್ಲಲ್ಲಿ ಕುಳಿತು ಸುಧಾರಿಸಿಕೊಳ್ಳಬೇಕಾಗುತ್ತದೆ. ತಿಂಡಿಯ ಪೊಟ್ಟಣಕ್ಕೆ ಕೈ ಹಾಕುವ ಕೋತಿಗಳ ಬಗ್ಗೆಯೂ ಎಚ್ಚರವಿರಲಿ.

ಇನ್ನೂ 5 ಕಿ.ಮೀ. ಮೇಲಕ್ಕೆ ಹೋದರೆ ವಾಳಚ್ಚಾಲ್. ಅಲ್ಲಿ ನದಿ ಬಂಡೆಗಳ ಮೇಲೆ ಓರೆಯಾಗಿ ಹರಿಯುತ್ತದೆ. ದಾಂಡೇಲಿಯವರಿಗೆ ಪರಿಚಿತವಾದ ಮಂಗಟ್ಟೆ ಹಕ್ಕಿ ಈ ಕಾಡಿನಲ್ಲೂ ಇದೆ. ದಕ್ಷಿಣ ಭಾರತದ ನಾಲ್ಕೂ ಬಗೆಯ ಮಂಗಟ್ಟೆಗಳು ಇಲ್ಲಿ ವಾಸಿಸುತ್ತವೆ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ತನ್ನನ್ನು ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುತ್ತದೆ. ಗಂಡು ಹೊರಗಿನಿಂದ ಆಹಾರ ತಂದು ಉಣಿಸುತ್ತದೆ. ಈ ಗೂಡುಗಳನ್ನು ಕಾಯುವ ಕೆಲಸದಲ್ಲಿ ಇಲ್ಲಿನ ಮೂಲನಿವಾಸಿಗಳಾದ ಕಾಡರ್ ಜನರೂ ಇದ್ದಾರೆ.

ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಬಂದ ಮೇಲೆ ಬೇಸಿಗೆಯ ಜೋಗ ಹೇಗಾಯಿತೆಂಬುದು ಕನ್ನಡಿಗರಿಗೆ ಗೊತ್ತೇ ಇದೆ. ಚಾಲಕುಡಿ ನದಿಗೂ ಪೆರಿಂಗಲ್‌ಕುತ್ತು, ಶೋಲಯಾರ್ ಅಣೆಕಟ್ಟುಗಳು ಮೊದಲೇ ಇವೆ. ಬೇಸಿಗೆಯಲ್ಲಿ ಜಲಪಾತದ ನೀರು ಹೆಚ್ಚು ಕಡಿಮೆಯಾಗುವುದು ಮೇಲಿನ ವಿದ್ಯುದಾಗಾರ ಎಷ್ಟು ನೀರು ಬಿಡುತ್ತದೆ ಎಂಬುದರ ಮೇಲೆ. ಇದರ ಜತೆಗೆ ವಾಳಚ್ಚಾಲ್‌ಗಿಂತ ಮೇಲೆ 163 ಮೆಗಾವಾಟ್‌ನ ಇನ್ನೊಂದು ಯೋಜನೆ ಸಿದ್ಧವಾಯಿತು. 1998, 2005 ಮತ್ತು 2007ರಲ್ಲಿ ಕೇಂದ್ರದ ಪರಿಸರ ಅನುಮತಿಯೂ ಸಿಕ್ಕಿತು. ಮೊದಲಿನ ಎರಡು ಕೇರಳ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ಈ ಯೋಜನೆ ಬೇಡವೆಂದಿತು. ನದಿಗಾಗಿ ವರ್ಷಗಟ್ಟಲೆ ಹೋರಾಡಿದ ಸಂಶೋಧಕಿ ಡಾ. ಲತಾ ಅನಂತ 2017ರಲ್ಲಿ ತೀರಿಕೊಂಡರು. 2020ರಲ್ಲಿ ರಾಜ್ಯ ಸರ್ಕಾರ ಮತ್ತೆ ಹಸಿರು ನಿಶಾನೆ ತೋರಿದಾಗಲೂ ವಿರೋಧ ಎದ್ದಿತು. ಅಣೆಕಟ್ಟು ಮಾತ್ರ ಏಳಲಿಲ್ಲ.

ಅತಿರಪ್ಪಿಳ್ಳಿಗೆ ಮಕ್ಕಳನ್ನು ಕರೆದೊಯ್ಯುವವರು ಫೋಟೋ ತೆಗೆಸಿಕೊಳ್ಳುವುದರ ಜತೆಗೆ ಈ ಕಥೆಯನ್ನೂ ಹೇಳಬೇಕು. ಮಳೆಗಾಲದ ನಂತರ, ಸೆಪ್ಟೆಂಬರಿನಿಂದ ಜನವರಿವರೆಗೆ ಹೋಗುವುದು ಉತ್ತಮ. ಬಂಡೆಗಳು ಬಹಳ ಜಾರುವುದರಿಂದ ಬೇಲಿ ದಾಟಿ ನೀರಿಗಿಳಿಯುವ ಸಾಹಸ ಬೇಡ. ಪ್ಲಾಸ್ಟಿಕ್ ಕಸವನ್ನು ಕಾಡಿನಲ್ಲಿ ಎಸೆಯದೆ ಮರಳಿ ತರುವುದು ಎಲ್ಲರ ಕರ್ತವ್ಯ.